ಫೋಟೊ ಎಲ್ಲಿ ಕೆಡುತ್ತದೆ? ದುರ್ಗದ ಕೋಟೆಯಲ್ಲಿ ಒಂದು ದಿನದ ಕ್ಯಾಮೆರಾ ಪರೀಕ್ಷೆ

ನನ್ನ ಅಕ್ಕನ ಮಗ ಒಂದು ದಿನ ದಾವಣಗೆರೆಯ ನಮ್ಮ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಕೂತ. ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಮುನ್ನೂರು ಫೋಟೊ ಇದ್ದವು. "ಮಾಮ, ಒಂದೂ ಶಾರ್ಪ್ ಬಂದಿಲ್ಲ ನೋಡು. ಇದನ್ನ ಮಾರಿ ಫುಲ್ ಫ್ರೇಮ್ ಕ್ಯಾಮೆರಾ ತಗೊಳ್ಳಲಾ?" ಎಂದ. ಫುಲ್ ಫ್ರೇಮ್ ಅಂದರೆ ಒಳಗೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ.

ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆವು. ಕೆಲವು ಕೈ ಅಲುಗಿ ಕೆಟ್ಟಿದ್ದವು. ಕೆಲವುಗಳಲ್ಲಿ ಫೋಕಸ್ ಆಳನ್ನು ಬಿಟ್ಟು ಹಿಂದಿನ ಬಂಡೆಯ ಮೇಲೆ ಕೂತಿತ್ತು. ಮಧ್ಯಾಹ್ನ ತೆಗೆದವುಗಳಲ್ಲಿ ಆಕಾಶ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ನಿಜವಾಗಿ ಕ್ಯಾಮೆರಾ ಸಾಲದೆ ಕೆಟ್ಟದ್ದು ಹತ್ತು ಫೋಟೊ ಕೂಡ ಇರಲಿಲ್ಲ. ಫುಲ್ ಫ್ರೇಮ್ ತಗೊಂಡಿದ್ದರೆ ಉಳಿದ ಇನ್ನೂರ ತೊಂಬತ್ತು ಅದರಲ್ಲೂ ಹಾಗೇ ಕೆಡುತ್ತಿದ್ದವು.

ಮುಂದಿನ ಭಾನುವಾರ ಇಬ್ಬರೂ ದುರ್ಗಕ್ಕೆ ಹೋದೆವು. ಇಡೀ ದಿನ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಉಳಿದದ್ದೆಲ್ಲ ಹಾಗೇ ಇರಬೇಕು. ಆಗ ಮಾತ್ರ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತದೆ. ಅವತ್ತು ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಹಳೆಯ ಡಿಎಸ್‌ಎಲ್‌ಆರ್ ಇರಲಿ, ಹೊಸ ಮಿರರ್‌ಲೆಸ್ ಇರಲಿ, ಇದನ್ನು ಮಾಡಬಹುದು. ಫೋನಿನಲ್ಲಿ ಪ್ರೊ ಮೋಡ್ (ಸೆಟ್ಟಿಂಗ್‌ಗಳನ್ನು ನಾವೇ ಬದಲಿಸುವ ಮೋಡ್) ಇದ್ದರೆ ಅರ್ಧಕ್ಕಿಂತ ಜಾಸ್ತಿ ಅದರಲ್ಲೂ ಆಗುತ್ತದೆ.

ಹಿಂದಿನ ರಾತ್ರಿ ಮಾಡಬೇಕಾದದ್ದು

ಬ್ಯಾಟರಿ ತುಂಬಿಸಿ. ಕಾರ್ಡಿನಲ್ಲಿರುವ ಫೋಟೊಗಳನ್ನು ಬೇರೆ ಕಡೆ ಇಟ್ಟುಕೊಂಡು, ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಲೆನ್ಸಿನ ಮುಂದಿನ ಗಾಜನ್ನು ಮೊದಲು ಊದುವ ರಬ್ಬರ್ ಬಲ್ಬಿನಿಂದ ಊದಿ, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿ. ಊದದೆ ಒರೆಸಿದರೆ ಧೂಳಿನ ಕಣವೇ ಗಾಜಿಗೆ ಗೀರು ಹಾಕುತ್ತದೆ. ಫೋನಿನವರು ಈ ಮಾತನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಜೇಬಿನಿಂದ ತೆಗೆದ ಫೋನಿನ ಲೆನ್ಸಿನ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಮಂಜು ಕವಿದಂಥ ಫೋಟೊ ಬಂದರೆ ಅರ್ಧ ಸಲ ಅದೇ ಕಾರಣ.

ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಗಾಜು) ಪಕ್ಕದಲ್ಲಿ ಒಂದು ಪುಟ್ಟ ತಿರುಗುಬಟನ್ ಇರುತ್ತದೆ. ಅದು ನಿಮ್ಮ ಕಣ್ಣಿನ ಪವರ್‌ಗೆ ಹೊಂದಿಸಲಿಕ್ಕೆ ಇರುವುದು. ಒಳಗೆ ಕಾಣುವ ಅಂಕಿಗಳು ಸ್ಪಷ್ಟವಾಗುವ ತನಕ ತಿರುಗಿಸಿ. ಇದನ್ನು ಮುಟ್ಟದೆ ವರ್ಷಗಟ್ಟಲೆ "ಫೋಕಸ್ ಸರಿ ಕಾಣಲ್ಲ" ಎನ್ನುವವರನ್ನು ನೋಡಿದ್ದೇನೆ.

ಕೊನೆಗೆ ಎಲ್ಲ ಸೆಟ್ಟಿಂಗ್‌ಗಳನ್ನೂ ಮೊದಲಿನ ಸ್ಥಿತಿಗೆ ತನ್ನಿ. ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಎಂಬ ಅಂಕಿ) 100, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೊ, ಎಕ್ಸ್‌ಪೋಶರ್ ಕಾಂಪನ್ಸೇಶನ್ (ಬೆಳಕು ಹೆಚ್ಚು ಕಡಿಮೆ ಮಾಡುವ ಪ್ಲಸ್-ಮೈನಸ್) ಸೊನ್ನೆ, ಫೈಲು ದೊಡ್ಡ ಅಳತೆ, ಗುಣಮಟ್ಟ ಫೈನ್. ಒಮ್ಮೆ ರಾತ್ರಿ ಜಾತ್ರೆಯಲ್ಲಿ 6400ಕ್ಕೆ ಏರಿಸಿದ ಐಎಸ್‌ಒವನ್ನು ಇಳಿಸುವುದು ಮರೆತು, ಮಾರನೆ ಬೆಳಿಗ್ಗೆ ನೆಂಟರ ಮನೆಯ ನಾಮಕರಣ ಪೂರ್ತಿ ಅದರಲ್ಲೇ ತೆಗೆದೆ. ಮಗುವಿನ ಕೆನ್ನೆ ಮರಳು ಚೆಲ್ಲಿದಂತೆ ಬಂದಿತ್ತು. ಆ ದಿನ ಮತ್ತೆ ಬರುವುದಿಲ್ಲ ಅಲ್ವಾ? ಅದಕ್ಕೇ ಇದನ್ನು ರಾತ್ರಿಯೇ ಮಾಡಿ ಮಲಗಿ.

ಜೊತೆಗೆ ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು ಇಟ್ಟುಕೊಳ್ಳಿ. ಕೋಟೆಯಲ್ಲಿ ಕೋತಿಗಳ ಕಾಟ ಇದೆ, ತಿಂಡಿಯ ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಬೇಡಿ. ಟ್ರೈಪಾಡ್ ಮನೆಯಲ್ಲೇ ಇರಲಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು.

ಹೆಜ್ಜೆ 1: ಬೆಳಕನ್ನು ನೋಡಿ, ಕ್ಯಾಮೆರಾ ಆಮೇಲೆ

ಕೋಟೆ ತೆರೆದ ಕೂಡಲೇ ಒಳಗೆ ಹೋಗಿ. ಬಾಗಿಲಿನ ಹತ್ತಿರ ಗೋಡೆಯ ಕಲ್ಲಿನ ಮೇಲೆ ಹಾವಿನ ಕೆತ್ತನೆ ಇದೆ. ತುಂಬಾ ಆಳದ ಕೆತ್ತನೆ ಅಲ್ಲ. ಹಾಗಾಗಿಯೇ ಪರೀಕ್ಷೆಗೆ ಬಹಳ ಒಳ್ಳೆಯದು. ಒಂದು ಫೋಟೊ ತೆಗೆಯಿರಿ. ಮಧ್ಯಾಹ್ನ ಇಳಿಯುವಾಗ ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆಯಿರಿ. ಕ್ಯಾಮೆರಾ ಅದೇ, ಲೆನ್ಸ್ ಅದೇ, ಆದರೂ ಎರಡು ಫೋಟೊ ಒಂದೇ ಥರ ಇರುವುದಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಕೆತ್ತನೆಯ ಒಂದೊಂದು ಗೆರೆಗೂ ತನ್ನದೇ ನೆರಳು ಸಿಗುತ್ತದೆ, ಹೆಡೆ ಎದ್ದು ಕಾಣುತ್ತದೆ. ಬೆಳಕು ನೇರವಾಗಿ ಬಂದು ಬಡಿದರೆ ನೆರಳು ಸಾಯುತ್ತದೆ, ಕಲ್ಲು ಸಪಾಟಾಗಿ ಕಾಣುತ್ತದೆ.

ನಾವು ಶಾರ್ಪ್ ಅಂತ ಕರೆಯುವುದರಲ್ಲಿ ದೊಡ್ಡ ಪಾಲು ಈ ನೆರಳು ಬೆಳಕಿನ ಅಂತರವೇ. ಅದನ್ನು ಯಾವ ಲೆನ್ಸೂ ಹುಟ್ಟಿಸಲಾರದು.

ಹೆಜ್ಜೆ 2: ನಿಮ್ಮ ಕೈ ಎಷ್ಟು ನಿಲ್ಲುತ್ತದೆ, ಅಳೆಯಿರಿ

ಈ ಒಂದು ಪರೀಕ್ಷೆಗೆ ಅರ್ಧ ಗಂಟೆ ಕೊಡಿ. ಹವ್ಯಾಸಿಗಳ ಫೋಟೊ ಕೆಡುವುದು ಎಲ್ಲಕ್ಕಿಂತ ಜಾಸ್ತಿ ಇಲ್ಲೇ.

ಮೋಡ್ ಡಯಲನ್ನು ಶಟರ್ ಪ್ರಯಾರಿಟಿಗೆ ತಿರುಗಿಸಿ. ಶಟರ್ ವೇಗವನ್ನು, ಅಂದರೆ ಬೆಳಕು ಒಳಗೆ ಬರುವ ಹೊತ್ತನ್ನು, ನೀವು ಆರಿಸಿ ಉಳಿದದ್ದನ್ನು ಕ್ಯಾಮೆರಾಗೆ ಬಿಡುವ ಮೋಡ್ ಇದು. ನಿಕಾನ್, ಸೋನಿಯಲ್ಲಿ ಅದು ಎಸ್, ಕ್ಯಾನನ್‌ನಲ್ಲಿ ಟಿವಿ. ಐಎಸ್‌ಒ ಆಟೊಗೆ ಬಿಡಿ. ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸನ್ನು (ಇದೇ ಕಿಟ್ ಲೆನ್ಸ್) 55ಕ್ಕೆ ಎಳೆಯಿರಿ. ಎದುರಿಗಿರುವ ಕೋಟೆ ಗೋಡೆಯ ಕಲ್ಲಿನ ಸಂದಿಗೆ ಫೋಕಸ್ ಮಾಡಿ. ಲೆನ್ಸಿನಲ್ಲಿ ಅಲುಗಾಟ ತಡೆಯುವ ಸ್ವಿಚ್ ಇದ್ದರೆ ಸದ್ಯಕ್ಕೆ ಆಫ್ ಮಾಡಿ. 1/250, 1/125, 1/60, 1/30, 1/15 ಸೆಕೆಂಡು. ಒಂದೊಂದು ವೇಗದಲ್ಲೂ ಐದೈದು ಫೋಟೊ. ಆಮೇಲೆ ಸ್ವಿಚ್ ಆನ್ ಮಾಡಿ ಮತ್ತೆ ಅಷ್ಟೇ ತೆಗೆಯಿರಿ.

ಹಿಂದಿನಿಂದ ಬಂದ ಒಂದು ಲೆಕ್ಕ ಇದೆ. ಲೆನ್ಸ್ ಎಷ್ಟು ಎಂಎಂ ಇದೆಯೋ ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ನಿಧಾನ ಹೋಗಬಾರದು ಅಂತ. ಅದು ಫುಲ್ ಫ್ರೇಮ್ ಅಳತೆಗೆ ಮಾಡಿದ ಲೆಕ್ಕ. ನಮ್ಮಲ್ಲಿ ಜಾಸ್ತಿ ಜನರ ಬಳಿ ಇರುವ ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನಲ್ಲಿ ಅದನ್ನು ಒಂದೂವರೆಯಿಂದ ಗುಣಿಸಬೇಕು, ಕ್ಯಾನನ್ ಆದರೆ 1.6ರಿಂದ. ಅಂದರೆ 55 ಎಂಎಂಗೆ 1/80 ಹತ್ತಿರ. 250 ಎಂಎಂಗೆ 1/400. ಇದು ಸರಾಸರಿ ಕೈಗೆ ಹೇಳಿದ್ದು. ನಿಮ್ಮ ಕೈ ಇನ್ನೂ ಗಟ್ಟಿ ಇರಬಹುದು, ಇಲ್ಲದೆಯೂ ಇರಬಹುದು. ಐದರಲ್ಲಿ ನಾಲ್ಕು ಸರಿ ಬಂದ ಎಲ್ಲಕ್ಕಿಂತ ನಿಧಾನದ ವೇಗವೇ ನಿಮ್ಮ ಗಡಿ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ನನ್ನ ಗಡಿ 55 ಎಂಎಂಗೆ ಸ್ವಿಚ್ ಇಲ್ಲದೆ 1/100, ಸ್ವಿಚ್ ಹಾಕಿದರೆ 1/25. ಹುಡುಗನದು ಸ್ವಿಚ್ ಇಲ್ಲದೆ 1/160 ಬಂತು. ಕಾರಣ ಹುಡುಕಿದರೆ ಅವನು ಬಟನ್ನನ್ನು ಕುಟ್ಟುತ್ತಿದ್ದ. ಬಟನ್ ಕುಟ್ಟಬಾರದು, ಹಿಂಡಬೇಕು. ಎಡಗೈ ಅಂಗೈ ಲೆನ್ಸಿನ ಕೆಳಗೆ ಇರಲಿ. ಎರಡೂ ಮೊಣಕೈ ಪಕ್ಕೆಗೆ ತಾಗಿರಲಿ. ಉಸಿರು ಬಿಟ್ಟು ಮುಗಿಯುವ ಹೊತ್ತಿಗೆ ಒತ್ತಿ. ದುರ್ಗದಲ್ಲಿ ಒರಗಲು ಬಂಡೆಗೇನು ಬರ? ಭುಜವನ್ನು ಬಂಡೆಗೆ ಒತ್ತಿ ನಿಂತ ಮೇಲೆ ಅವನ ಗಡಿ 1/60ಕ್ಕೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು ಮಾತು. ಅಲುಗಾಟ ತಡೆಯುವ ಸ್ವಿಚ್ ನಿಮ್ಮ ಕೈಯ ಅಲುಗಾಟವನ್ನಷ್ಟೇ ತಡೆಯುತ್ತದೆ. ಎದುರಿಗಿರುವುದು ಓಡಿದರೆ ಅದಕ್ಕೇನೂ ಮಾಡಲಾಗದು. ಗೋಡೆ ಮೇಲೆ ಓಡುವ ಕೋತಿಯನ್ನು ಒಮ್ಮೆ 1/60ರಲ್ಲಿ, ಒಮ್ಮೆ 1/500ರಲ್ಲಿ ತೆಗೆದು ನೋಡಿ. ಮೊದಲನೆಯದರಲ್ಲಿ ಗೋಡೆ ಸ್ಪಷ್ಟ, ಕೋತಿ ಮಸುಕು. ಇಡೀ ಫೋಟೊ ಒಂದೇ ದಿಕ್ಕಿಗೆ ಉಜ್ಜಿದಂತೆ ಕಂಡರೆ ಅಲುಗಿದ್ದು ಕೈ. ಹಿನ್ನೆಲೆ ಚೆನ್ನಾಗಿದ್ದು ಆಳು ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಆಳು. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಕಲಿತಂತೆ.

ಹೆಜ್ಜೆ 3: ಫೋಕಸ್ ಎಲ್ಲಿ ಕೂರಬೇಕು ಅಂತ ನೀವೇ ಹೇಳಿ

ಕ್ಯಾಮೆರಾ ತಾನೇ ಫೋಕಸ್ ಬಿಂದು ಆರಿಸುವಾಗ ಸಾಮಾನ್ಯವಾಗಿ ಹತ್ತಿರ ಇರುವುದಕ್ಕೆ, ಇಲ್ಲವೇ ಎದ್ದು ಕಾಣುವ ಗೆರೆಗಳಿಗೆ ಹೋಗುತ್ತದೆ. ಹೊಸ ಕ್ಯಾಮೆರಾಗಳು ಮುಖ ಗುರುತಿಸುತ್ತವೆ, ಹಳೆಯವು ಗುರುತಿಸುವುದಿಲ್ಲ. ಒಂದೇ ಬಿಂದುವಿನ ಮೋಡ್ ಹಾಕಿ. ಆಳಿದ್ದರೆ ಆ ಬಿಂದುವನ್ನು ಹತ್ತಿರದ ಕಣ್ಣಿನ ಮೇಲೆ ಇಡಿ. ಬಟನ್ ಅರ್ಧ ಒತ್ತಿ, ಫೋಕಸ್ ಕೂತ ಗುರುತು ಬಂದ ಮೇಲೆ ಪೂರ್ತಿ ಒತ್ತಿ. ನಿಂತ ವಸ್ತುವಿಗೆ ಸಿಂಗಲ್ ಫೋಕಸ್, ಓಡುವುದಕ್ಕೆ ಕಂಟಿನ್ಯೂಯಸ್ ಫೋಕಸ್. ಇಷ್ಟೇ.

ಹೆಜ್ಜೆ 4: ಅಪರ್ಚರ್ ಪರೀಕ್ಷೆ, ದೇವಸ್ಥಾನಗಳ ಬಯಲಿನಲ್ಲಿ

ಮೇಲೆ ಹೋದರೆ ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ದೇವಸ್ಥಾನಗಳು ಸಿಗುತ್ತವೆ. ಉಯ್ಯಾಲೆ ಕಂಬವೂ ಇಲ್ಲೇ ಇದೆ. ಹತ್ತಿರ ಒಂದು ಕಲ್ಲು, ನಡುವೆ ಕಂಬ, ಹಿಂದೆ ಬೆಟ್ಟ. ಅಪರ್ಚರ್, ಅಂದರೆ ಲೆನ್ಸಿನ ಒಳಗೆ ಬೆಳಕು ಹಾಯುವ ತೂತು, ಏನು ಮಾಡುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೆ ಜಾಗ ಬೇಡ.

ಡಯಲ್ ಎ ಅಥವಾ (ಕ್ಯಾನನ್‌ನಲ್ಲಿ) ಎವಿಗೆ. ಕಂಬಕ್ಕೆ ಫೋಕಸ್. ಎಫ್/5.6, 8, 11, 16, 22. ಒಂದೊಂದು ಫೋಟೊ. ನಡುವೆ ಶಟರ್ ನಿಮ್ಮ ಗಡಿಗಿಂತ ನಿಧಾನ ಆಗದಂತೆ ಕಣ್ಣಿಡಿ, ಇಲ್ಲದಿದ್ದರೆ ಎರಡು ತಪ್ಪು ಒಟ್ಟಿಗೆ ಸೇರಿ ಯಾವುದು ಯಾವುದರಿಂದ ಅಂತ ತಿಳಿಯುವುದಿಲ್ಲ.

ಎಫ್ ಅಂಕಿ ದೊಡ್ಡದಾದಂತೆ ತೂತು ಚಿಕ್ಕದಾಗುತ್ತದೆ. 8ರಿಂದ 11ಕ್ಕೆ ಹೋದರೆ ಬೆಳಕು ಅರ್ಧ. 11ರಿಂದ 16ಕ್ಕೆ ಮತ್ತೆ ಅರ್ಧ. ತೂತು ಚಿಕ್ಕದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತದೆ. ಹಾಗಾದರೆ ಕೋಟೆಯ ಫೋಟೊಗೆ ಯಾವಾಗಲೂ 22 ಇಡಬಹುದಲ್ಲ ಅಂತ ಅನಿಸುತ್ತದೆ. ನಾನೂ ಮೊದಮೊದಲು ಹಾಗೇ ಇಡುತ್ತಿದ್ದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿ: ಎಫ್/22ರಲ್ಲಿ ಕಂಬದ ಕಲ್ಲಿನ ಕಾಳು ಎಫ್/8ಕ್ಕಿಂತ ಮೆತ್ತಗಾಗಿರುತ್ತದೆ. ಬೆಳಕು ತೀರಾ ಚಿಕ್ಕ ತೂತಿನಲ್ಲಿ ಹಾಯುವಾಗ ಅಂಚಿನಲ್ಲಿ ಹರಡಿಕೊಳ್ಳುತ್ತದೆ. ಅದು ಬೆಳಕಿನ ಸ್ವಭಾವ. ಎಷ್ಟು ದುಬಾರಿ ಲೆನ್ಸ್ ಇದ್ದರೂ ತಪ್ಪಿದ್ದಲ್ಲ. ಎಪಿಎಸ್-ಸಿಯಲ್ಲಿ 11 ದಾಟಿದ ಮೇಲೆ ಇದು ಕಣ್ಣಿಗೆ ಬೀಳಲು ಶುರುವಾಗುತ್ತದೆ. ಇನ್ನೊಂದು ತುದಿಯಲ್ಲಿ, ಲೆನ್ಸನ್ನು ಪೂರ್ತಿ ತೆರೆದಾಗ ಮೂಲೆಗಳು ಮಸುಕಾಗುತ್ತವೆ. ಕಿಟ್ ಲೆನ್ಸುಗಳಿಗೆ ಎಫ್/8 ಆಸುಪಾಸು ಬಹಳ ಒಳ್ಳೆಯ ಜಾಗ.

ಒಂದು ಉಪಯೋಗದ ಲೆಕ್ಕ ಹೇಳುತ್ತೇನೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 18 ಎಂಎಂ, ಎಫ್/8 ಇಟ್ಟು, ಎರಡೂವರೆ ಮೀಟರ್ ದೂರದ ಕಲ್ಲಿಗೆ ಫೋಕಸ್ ಮಾಡಿ. ಒಂದು ಮೀಟರಿನ ಸ್ವಲ್ಪ ಆಚೆಯಿಂದ ಹಿಡಿದು ದಿಗಂತದ ತನಕ ಎಲ್ಲವೂ ಸಾಕಷ್ಟು ಸ್ಪಷ್ಟ ಬರುತ್ತದೆ. ಮುಂದೆ ಬಂಡೆ, ಹಿಂದೆ ಕೋಟೆ ಗೋಡೆ ಇರುವ ಫೋಟೊಗೆ ಎಫ್/22 ಬೇಕೇ ಇಲ್ಲ.

ಹೆಜ್ಜೆ 5: ಓಬವ್ವನ ಕಿಂಡಿಯಲ್ಲಿ ಐಎಸ್‌ಒ

ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದರು, ಓಬವ್ವ ಒನಕೆ ಹಿಡಿದು ನಿಂತಳು ಎಂದು ಹೇಳುವ ಕಿಂಡಿ ಇದು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಐಎಸ್‌ಒ ಅರ್ಥವಾಗಬೇಕಾದರೆ ಇಲ್ಲಿ ಕೂರಬೇಕು.

ನಾವು ನಿಂತ ಜಾಗದಲ್ಲಿ ಐಎಸ್‌ಒ 100, ಎಫ್/5.6 ಇಟ್ಟಾಗ ಕ್ಯಾಮೆರಾ ಕೇಳಿದ್ದು 1/4 ಸೆಕೆಂಡು. ಕೈಯಲ್ಲಿ ಹಿಡಿದು ಆಗದ ಮಾತು. ಐಎಸ್‌ಒ 1600 ಮಾಡಿದರೆ ಅದೇ ಫೋಟೊ 1/60ಕ್ಕೆ ಬಂತು. 100, 200, 400, 800, 1600: ನಾಲ್ಕು ಸಲ ದುಪ್ಪಟ್ಟು, ಶಟರ್ ನಾಲ್ಕು ಸಲ ಅರ್ಧ. ಬೆಲೆ ಏನು ಅಂದರೆ ಕತ್ತಲ ಭಾಗದಲ್ಲಿ ಕಾಳು ಕಾಳು, ಅಂದರೆ ನಾಯ್ಸ್.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ನಾಯ್ಸಿಗೆ ಹೆದರಿ ಅಲುಗಿದ ಫೋಟೊ ತರಬೇಡಿ. ನಾಯ್ಸನ್ನು ಮನೆಯಲ್ಲಿ ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ಕಡಿಮೆ ಮಾಡಬಹುದು. ಪ್ರಿಂಟ್ ಹಾಕಿದಾಗ ಬಹಳಷ್ಟು ಕಾಣುವುದೂ ಇಲ್ಲ. ಕೈ ಅಲುಗಿದ್ದನ್ನು ಸರಿಪಡಿಸುವುದು ಅದಕ್ಕಿಂತ ಎಷ್ಟೋ ಕಷ್ಟ. ಇನ್ನೊಂದು ವಿಷಯ: ಕಡಿಮೆ ಐಎಸ್‌ಒದಲ್ಲಿ ಕಪ್ಪಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಎಳೆದರೂ ನಾಯ್ಸ್ ಬಂದೇ ಬರುತ್ತದೆ. ಬೆಳಕೇ ಕಡಿಮೆ ಸಿಕ್ಕಿದ್ದು ಅದರ ಮೂಲ ಕಾರಣ. 800, 1600, 3200, 6400ರಲ್ಲಿ ಒಂದೊಂದು ತೆಗೆದು, ನಿಮಗೆ ಎಲ್ಲಿಯವರೆಗೆ ಒಪ್ಪಿಗೆ ಅಂತ ಬರೆದಿಡಿ.

ದಾವಣಗೆರೆಯವರಿಗೆ ಇದೇ ಪಾಠ ಮಂಡಕ್ಕಿ ಭಟ್ಟಿಯಲ್ಲೂ ಸಿಗುತ್ತದೆ. ಹೊಗೆ, ಕತ್ತಲು, ಒಲೆಯ ಬೆಂಕಿ, ನಿಲ್ಲದೆ ಆಡುವ ಕೈಗಳು. ಅಲ್ಲಿ 1/125ಕ್ಕಿಂತ ಕೆಳಗೆ ಹೋದರೆ ಕೈಗಳು ಮಸುಕಾಗುತ್ತವೆ. ಕೆಲಸ ಮಾಡುವವರನ್ನು ಕೇಳಿ, ಅವರು ಹ್ಞೂಂ ಅಂದ ಮೇಲೆ ತೆಗೆಯಿರಿ. ಬಿಸಿ ಹತ್ತಿರ ಲೆನ್ಸ್ ಬದಲಿಸಬೇಡಿ, ಬೂದಿ ಒಳಗೆ ಹೋಗುತ್ತದೆ.

ಹೆಜ್ಜೆ 6: ಕ್ಯಾಮೆರಾದ ಮೀಟರ್ ಮೋಸ ಹೋಗುವ ಕಡೆ

ಕ್ಯಾಮೆರಾ ಎದುರಿಗಿರುವುದೆಲ್ಲ ನಡುಮಟ್ಟದ ಬೂದಿ ಬಣ್ಣ ಅಂದುಕೊಂಡು ಬೆಳಕು ಅಳೆಯುತ್ತದೆ. ಸುಣ್ಣ ಹೊಡೆದ ಗೋಡೆ ಚೌಕಟ್ಟು ತುಂಬಿದರೆ ಅದನ್ನು ಬೂದಿ ಮಾಡಲು ಹೋಗಿ ಫೋಟೊ ಕಪ್ಪು ಮಾಡುತ್ತದೆ. ಕಪ್ಪು ಕಲ್ಲಿನ ಮೂರ್ತಿ ತುಂಬಿದರೆ ಉಲ್ಟಾ, ಬೆಳಕು ಜಾಸ್ತಿ ಕೊಟ್ಟು ಕಲ್ಲನ್ನು ಪೇಲವ ಮಾಡುತ್ತದೆ. ಪ್ಲಸ್-ಮೈನಸ್ ಗುರುತಿನ ಬಟನ್ ಇರುವುದು ಇದಕ್ಕೇ. ಬಿಳಿಗೆ ಪ್ಲಸ್ 1, ಕಪ್ಪಿಗೆ ಮೈನಸ್ 0.7. ಅಲ್ಲಿಂದ ಶುರುಮಾಡಿ ನೋಡಿಕೊಂಡು ಹೊಂದಿಸಿ.

ಬಿಸಿಲಲ್ಲಿ ಹಿಂದಿನ ಸ್ಕ್ರೀನ್ ನಂಬಬೇಡಿ. ಕಣ್ಣಿಗೆ ಕಪ್ಪಾಗಿ ಕಂಡು ನೀವು ಬೆಳಕು ಏರಿಸುತ್ತೀರಿ, ಮನೆಗೆ ಬಂದರೆ ಆಕಾಶ ಹೋಗಿರುತ್ತದೆ. ಹಿಸ್ಟೋಗ್ರಾಮ್ ನೋಡಿ, ಅಂದರೆ ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ. ಗುಡ್ಡದ ಆಕಾರ ಬಲಗಡೆ ಅಂಚಿಗೆ ಒತ್ತಿ ಕಡಿದುಹೋಗಿದ್ದರೆ ಬಿಳಿ ಭಾಗದ ವಿವರ ಹೋಗಿದೆ ಅಂತ ಅರ್ಥ. ಹೋದದ್ದು ಮತ್ತೆ ಬರುವುದು ಕಷ್ಟ. ನೆರಳಲ್ಲಿರುವುದನ್ನು ಮಾತ್ರ ಸ್ವಲ್ಪ ಎಳೆದು ತರಬಹುದು. ಹಾಗಾಗಿ ಆಕಾಶ, ಕಲ್ಲು ಎರಡೂ ಬೇಕಾದಾಗ ಆಕಾಶವನ್ನು ಉಳಿಸಿ.

ಮೀಟರ್ ಕೆಟ್ಟಿದೆಯೇ ಅಂತ ಅನುಮಾನ ಬಂದರೆ ಹಳೆಯ ಲೆಕ್ಕ ನೆನಪಿಡಿ. ಮೋಡವಿಲ್ಲದ ಬಿಸಿಲು, ಐಎಸ್‌ಒ 100, ಎಫ್/16, ಶಟರ್ 1/100. ಅದೇ ಬೆಳಕಿಗೆ ಎಫ್/8 ಇಟ್ಟರೆ 1/400. ರೋಲ್ ಕಾಲದಿಂದಲೂ ನಡೆದು ಬಂದ ಲೆಕ್ಕ ಇದು, ದುರ್ಗದ ಬಿಸಿಲಿಗೆ ಚೆನ್ನಾಗಿ ಹೊಂದುತ್ತದೆ.

ಹೆಜ್ಜೆ 7: ರಾ ಮತ್ತು ಜೆಪೆಗ್, ಒಂದೇ ಫೋಟೊದಲ್ಲಿ

ರಾ ಅಂದರೆ ಸೆನ್ಸರಿನಿಂದ ಬಂದ ಹಾಗೇ ಇರುವ ಫೈಲು, ಜೆಪೆಗ್ ಅಂದರೆ ಕ್ಯಾಮೆರಾ ತಾನೇ ತಿದ್ದಿ ಕುಗ್ಗಿಸಿದ್ದು. ರಾ ಪ್ಲಸ್ ಜೆಪೆಗ್ ಎರಡೂ ಉಳಿಯುವಂತೆ ಇಟ್ಟು, ಕಿಂಡಿಯ ಒಳಗಿಂದ ಹೊರಗಿನ ಬಿಸಿಲು ಕಾಣುವ ಹಾಗೆ ಒಂದು ತೆಗೆಯಿರಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಕಂಪ್ಯೂಟರಿನಲ್ಲಿ ನೆರಳು ಎಳೆದಾಗ ಜೆಪೆಗ್ ಬೇಗ ಕೊಳೆಯಾಗುತ್ತದೆ, ರಾ ತಡೆದುಕೊಳ್ಳುತ್ತದೆ. ವೈಟ್ ಬ್ಯಾಲೆನ್ಸ್ ತಪ್ಪಿದರೂ ರಾ ಫೈಲಿನಲ್ಲಿ ಪೂರ್ತಿ ಬದಲಿಸಬಹುದು. ನಮ್ಮೂರ ಬೆಣ್ಣೆದೋಸೆ ಹೋಟೆಲಿನಲ್ಲಿ ಒಂದು ಕಡೆ ಕಟ್ಟಿಗೆ ಒಲೆಯ ಕೆಂಪು, ಇನ್ನೊಂದು ಕಡೆ ಟ್ಯೂಬ್‌ಲೈಟಿನ ತಣ್ಣನೆ ಬಿಳಿ. ಅಲ್ಲಿ ರಾ ಇಲ್ಲದೆ ದೋಸೆಯ ಬಣ್ಣ ಸರಿ ಮಾಡಲು ನನಗೆ ಇವತ್ತಿಗೂ ಆಗಿಲ್ಲ.

ಆದರೆ ಕಂಪ್ಯೂಟರಿನಲ್ಲಿ ಕೂರುವ ಆಸೆ, ಹೊತ್ತು ಇಲ್ಲದವರಿಗೆ ಜೆಪೆಗ್ ಸಾಕು. ಬೆಳಕು ಸರಿಯಾಗಿ ಹಿಡಿದ ಜೆಪೆಗ್ ಚೆನ್ನಾಗಿಯೇ ಇರುತ್ತದೆ.

ಹೆಜ್ಜೆ 8: ಈಗ ಲೆನ್ಸ್ ಬದಲಿಸಿ

ಗೆಳೆಯರ ಬಳಿ 50 ಎಂಎಂ ಎಫ್/1.8 ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಗಾಳಿ ಇಲ್ಲದ ಮೂಲೆಯಲ್ಲಿ, ಕ್ಯಾಮೆರಾದ ಬಾಯಿ ಕೆಳಮುಖ ಮಾಡಿ ಬದಲಿಸಿ. ದುರ್ಗದ ಬೆಟ್ಟದ ಮೇಲೆ ಗಾಳಿ ಬಲ. ಎದುರಿನ ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ.

ಕಿಟ್ ಲೆನ್ಸ್ 55ರಲ್ಲಿ ತೆರೆಯುವುದು ಎಫ್/5.6 ತನಕ. ಇದು ಎಫ್/1.8. ಬೆಳಕಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು. ಅಂದರೆ ಕಿಂಡಿಯ ಕತ್ತಲಲ್ಲಿ 1600 ಕೇಳಿದ ಕಡೆ ಇದು 200ಕ್ಕಿಂತ ಕೆಳಗೇ ಮುಗಿಸುತ್ತದೆ. ಕ್ಯಾಮೆರಾ ಬದಲಿಸಿ ಇಷ್ಟು ಲಾಭ ಪಡೆಯುವುದು ಕಷ್ಟ. ಎಪಿಎಸ್-ಸಿಯಿಂದ ಫುಲ್ ಫ್ರೇಮಿಗೆ ಹೋದರೆ ಸೆನ್ಸರಿನ ವಿಸ್ತಾರ ಜಾಸ್ತಿಯಾಗುವುದು ಸುಮಾರು ಎರಡೂಕಾಲು ಪಟ್ಟು. ಲೆನ್ಸಿನ ಹತ್ತು ಪಟ್ಟಿನ ಮುಂದೆ ಅದು ಸಣ್ಣದು. ಬೆಲೆ ಮಾತ್ರ ಅಜಗಜಾಂತರ.

ಇದಕ್ಕೂ ಒಂದು ತೊಡಕಿದೆ. ಒಂದು ಮೀಟರ್ ದೂರದ ಮುಖವನ್ನು ಎಫ್/1.8ರಲ್ಲಿ ತೆಗೆದರೆ ಸ್ಪಷ್ಟ ಇರುವ ಆಳ ಸುಮಾರು 3 ಸೆಂಟಿಮೀಟರ್ ಮಾತ್ರ. ಕಣ್ಣು ಸರಿ, ಕಿವಿ ಮಸುಕು. ಮನೆಯವರು ನಾಲ್ಕು ಜನ ಹಿಂದೆ ಮುಂದೆ ನಿಂತಿದ್ದರೆ ಒಬ್ಬರೇ ಸರಿ ಬರುತ್ತಾರೆ. ಗುಂಪಿಗೆ 5.6 ಅಥವಾ 8ಕ್ಕೆ ಹೋಗಿ.

ದೂರದ ಲೆನ್ಸ್ ಬಗ್ಗೆ. 55-250 ಅಥವಾ 70-300 ತಂದು ಗಾಳಿಯಂತ್ರಗಳನ್ನು ಮಧ್ಯಾಹ್ನ ಎರಡು ಗಂಟೆಗೆ ತೆಗೆದು ನೋಡಿ. ರೆಕ್ಕೆಯ ಅಂಚು ನೀರಲ್ಲಿ ಕಂಡಂತೆ ನಡುಗುತ್ತಿರುತ್ತದೆ. ಶಟರ್ 1/1000 ಇದ್ದರೂ ಹಾಗೇ. ಅದು ಬಿಸಿಲುಗುದುರೆ. ಕಾದ ಬಂಡೆಗಳ ಮೇಲಿನ ಗಾಳಿ ಬೆಳಕನ್ನು ಬಗ್ಗಿಸುತ್ತದೆ. ಇದನ್ನು ಲೆನ್ಸಿನ ದೋಷ ಅಂದುಕೊಂಡು ಲೆನ್ಸ್ ಮಾರಿದವರಿದ್ದಾರೆ. ಅದೇ ಫೋಟೊವನ್ನು ಬೆಳಿಗ್ಗೆ ತೆಗೆಯಿರಿ, ಸಾಕು. ದಾವಣಗೆರೆಯ ಕುಂದುವಾಡ ಕೆರೆಯಲ್ಲಿ ಹಕ್ಕಿ ತೆಗೆಯುವವರು ಬೆಳಗಿನ ಹೊತ್ತೇ ಹೋಗುವುದಕ್ಕೆ ಇದೂ ಒಂದು ಕಾರಣ. ಹಾರುವ ಹಕ್ಕಿಗೆ 1/1600 ಅಥವಾ ಮೇಲೆ, ಕಂಟಿನ್ಯೂಯಸ್ ಫೋಕಸ್, ಆಟೊ ಐಎಸ್‌ಒ.

ಲೆನ್ಸಿನ ಮುಂದೆ ಅಗ್ಗದ ಯುವಿ ಫಿಲ್ಟರ್ ಹಾಕಿದ್ದರೆ ಅದನ್ನೂ ಇವತ್ತೇ ಪರೀಕ್ಷಿಸಿ. ಇಳಿಬಿಸಿಲಿಗೆ ಎದುರಾಗಿ ನಿಂತು ಫಿಲ್ಟರ್ ಹಾಕಿ ಒಂದು, ತೆಗೆದು ಒಂದು. ಹಾಕಿದ್ದರಲ್ಲಿ ಬಿಳಿ ಪೊರೆ ಕಂಡರೆ ಫಿಲ್ಟರ್ ಬಿಚ್ಚಿಡಿ. ಲೆನ್ಸ್ ಹುಡ್ (ಮುಂದಿನ ಅಂಚಿಗೆ ಹಾಕುವ ಮರೆ) ಹಾಕಿ. ಅದು ಅಡ್ಡ ಬೆಳಕನ್ನೂ ತಡೆಯುತ್ತದೆ, ಸಣ್ಣ ಪೆಟ್ಟನ್ನೂ ತಡೆಯುತ್ತದೆ.

ಮೆಗಾಪಿಕ್ಸೆಲ್ ವಿಷಯ, ಚುಟುಕಾಗಿ

24 ಮೆಗಾಪಿಕ್ಸೆಲ್ ಅಂದರೆ 6000 ಗುಣಿಸು 4000. ಒಂದಿಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೆ 20 ಇಂಚು ಅಗಲ ಬರುತ್ತದೆ. ಗೋಡೆಗೆ ಹಾಕುವ 12 ಗುಣಿಸು 18ರ ಪ್ರಿಂಟಿಗೆ ಇದು ಧಾರಾಳ. 12 ಮೆಗಾಪಿಕ್ಸೆಲ್ಲಿನ ಹಳೆ ಕ್ಯಾಮೆರಾದಲ್ಲೂ ಆ ಅಳತೆ ಚೆನ್ನಾಗಿಯೇ ಬರುತ್ತದೆ. ಫೋನಿನ 50, 108, 200 ಎಂಬ ಅಂಕಿಗಳು ಸಾಮಾನ್ಯವಾಗಿ ನಾಲ್ಕು, ಒಂಬತ್ತು, ಹದಿನಾರು ಪಿಕ್ಸೆಲ್ ಸೇರಿಸಿ ಕೊನೆಗೆ 12ರ ಆಸುಪಾಸಿನ ಫೋಟೊ ಕೊಡುತ್ತವೆ. ಹಕ್ಕಿ ತೆಗೆದು ಬಹಳ ಕತ್ತರಿಸುವವರಿಗೆ ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಉಪಯೋಗ. ಉಳಿದವರು ಇದಕ್ಕೆ ದುಡ್ಡು ಹಾಕುವುದು ಬೇಡ.

ಅಂದ ಹಾಗೆ, ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಕುಗ್ಗಿದ್ದನ್ನು ನೋಡಿ ಕ್ಯಾಮೆರಾ ಅಳೆಯಬೇಡಿ. ಡಾಕ್ಯುಮೆಂಟ್ ಆಗಿ ಕಳಿಸಿ.

ಹೆಜ್ಜೆ 9: ಮನೆಗೆ ಬಂದ ಮೇಲೆ, ಗೆರೆ ಎಳೆಯುವ ಕೆಲಸ

ಇಳಿಯುವ ಮುಂಚೆ ನೀಲಿ ಆಕಾಶವನ್ನು ಎಫ್/22ರಲ್ಲಿ ಒಂದು ತೆಗೆದಿಟ್ಟುಕೊಳ್ಳಿ. ಅದರಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ಧೂಳು ಕೂತಿದೆ. ಕ್ಯಾಮೆರಾದ ಕ್ಲೀನಿಂಗ್ ಮೆನು ಬಳಸಿ, ಆಮೇಲೆ ಊದುವ ಬಲ್ಬು. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ.

ಮನೆಯಲ್ಲಿ ಫೋಟೊಗಳನ್ನು ನೂರಕ್ಕೆ ನೂರು ಅಳತೆಯಲ್ಲಿ ತೆರೆಯಿರಿ. ನೋಟ್‌ಬುಕ್ಕಿನಲ್ಲಿ ಆರು ಸಾಲು ಬರೆಯಿರಿ: ಕೈ ಅಲುಗಿದ್ದು, ಆಳು ಅಲುಗಿದ್ದು, ಫೋಕಸ್ ತಪ್ಪಿದ್ದು, ಬೆಳಕು ತಪ್ಪಿದ್ದು, ನಾಯ್ಸ್, ದೂರ ಸಾಲದ್ದು (ಲೆನ್ಸ್ ಅಷ್ಟು ದೂರ ಎಳೆಯದೆ ಚಿಕ್ಕದಾಗಿ ಬಂದದ್ದು). ಕೆಟ್ಟ ಒಂದೊಂದು ಫೋಟೊಗೂ ಅದರ ಸಾಲಿನಲ್ಲಿ ಒಂದು ಗೆರೆ. ನಿಮ್ಮ ಹಳೆಯ ಫೋಟೊಗಳಲ್ಲಿ ಒಂದು ನೂರನ್ನೂ ಹೀಗೇ ಎಣಿಸಿ. ಬೇಸರದ ಕೆಲಸ, ನಿಜ. ಆದರೆ ಸಾವಿರಾರು ರೂಪಾಯಿ ಉಳಿಸುವ ಕೆಲಸ.

ಕೈ ಅಲುಗಿದ ಗೆರೆ ಜಾಸ್ತಿ ಇದ್ದರೆ ಹೆಜ್ಜೆ 2ನ್ನು ಮತ್ತೆ ಮಾಡಿ. ರಾತ್ರಿ ಫೋಟೊಗಳ ಆಸೆ ಇದ್ದರೆ ಮಾತ್ರ ಗಟ್ಟಿ ಟ್ರೈಪಾಡ್ ತಗೊಳ್ಳಿ. ಅದರ ಮೇಲೆ ಇಟ್ಟಾಗ ಅಲುಗಾಟದ ಸ್ವಿಚ್ ಆಫ್, ಎರಡು ಸೆಕೆಂಡಿನ ಟೈಮರ್ ಆನ್. ಆಳು ಅಲುಗಿದ್ದು, ನಾಯ್ಸ್ ಎರಡೂ ಒಟ್ಟಿಗೆ ಜಾಸ್ತಿ ಇದ್ದರೆ ನಿಮಗೆ ಬೆಳಕು ಸಾಲುತ್ತಿಲ್ಲ, 50 ಎಂಎಂ ಎಫ್/1.8 ತಗೊಳ್ಳಿ. ಫೋಕಸ್, ಬೆಳಕು ತಪ್ಪಿದ್ದಕ್ಕೆ ಅಂಗಡಿಯಲ್ಲಿ ಔಷಧಿ ಇಲ್ಲ, ಅಭ್ಯಾಸ ಬೇಕು. ದೂರ ಸಾಲದಿದ್ದರೆ ದೂರದ (ಟೆಲಿ) ಲೆನ್ಸ್. 50 ಎಂಎಂ ಹಾಕಿದ ಮೇಲೂ ನಾಯ್ಸಿನ ಗೆರೆಯೇ ಜಾಸ್ತಿ ಬೀಳುತ್ತಿದ್ದರೆ, ಆಗ ದೊಡ್ಡ ಸೆನ್ಸರಿನ ಮಾತು ಆಡೋಣ.

ಹಳೆ ಲೆನ್ಸ್ ಕೊಳ್ಳುವುದಾದರೆ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಸ್ಟು ಹಿಡಿದಿದೆ, ಬಿಟ್ಟುಬಿಡಿ. ನಾನು ಹಾಗೆ ನೋಡದೆ ಒಂದು 70-300 ತಂದು, ಮನೆಗೆ ಬಂದ ಮೇಲೆ ಬೂಸ್ಟು ಕಂಡು, ಅಂಗಡಿಯವರು ವಾಪಸ್ ತೆಗೆದುಕೊಳ್ಳದೆ ಕಷ್ಟಪಟ್ಟಿದ್ದೇನೆ. ನಿಮ್ಮ ಲೆನ್ಸುಗಳನ್ನು ಮಳೆಗಾಲದಲ್ಲಿ ಚರ್ಮದ ಬ್ಯಾಗಿನಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಅಕ್ಕನ ಮಗನ ಮುನ್ನೂರು ಫೋಟೊಗಳಲ್ಲಿ ಕೈ ಅಲುಗಿದ ಸಾಲಿಗೆ 118 ಗೆರೆ ಬಿದ್ದವು, ಫೋಕಸ್ ಸಾಲಿಗೆ 74. ಅವನು ಕ್ಯಾಮೆರಾ ಮಾರಲಿಲ್ಲ. ಎರಡು ತಿಂಗಳು ಬಿಟ್ಟು ಮತ್ತೆ ಕೋಟೆಗೆ ಹೋಗಿ, ಗೋಪಾಲಸ್ವಾಮಿ ಹೊಂಡದ ಮೆಟ್ಟಿಲ ಮೇಲೆ ಮೊಣಕೈ ಊರಿ, 1/125ರಲ್ಲಿ ತೆಗೆದ ಒಂದು ಫೋಟೊವನ್ನು 12 ಗುಣಿಸು 18 ಪ್ರಿಂಟ್ ಹಾಕಿಸಿ ಅಕ್ಕನ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದಾನೆ. ಕಿಟ್ ಲೆನ್ಸಿನಲ್ಲೇ ತೆಗೆದದ್ದು. ನೀರಿನ ಅಂಚಿನಲ್ಲಿ ಕೂತ ಕೊಕ್ಕರೆಯ ಗರಿ ಎಣಿಸಬಹುದು.